ಎಷ್ಟು ಪ್ರಾರ್ಥಿಸಿದರೂ ಅವರು ಉಳಿಯಲಿಲ್ಲ. ನನ್ನ ನಂಬಿಕೆ ಸಾಲದಾಯಿತಾ?

ಪ್ರಶ್ನೆ: ಅಯ್ಯನವರೇ, ನಾನು ಹಾಸನದ ಕಡೆಯವಳು. ಹೋದ ವರ್ಷ ನಮ್ಮ ಯಜಮಾನರಿಗೆ ಲಿವರ್ ಕ್ಯಾನ್ಸರ್ ಅಂತ ಗೊತ್ತಾಯಿತು. ಎಂಟು ತಿಂಗಳು ಚಿಕಿತ್ಸೆ ಕೊಡಿಸಿದೆವು, ಎಂಟು ತಿಂಗಳೂ ಪ್ರಾರ್ಥನೆ ಮಾಡಿದೆವು. ಸಭೆಯವರು ಪ್ರತಿ ಶುಕ್ರವಾರ ಉಪವಾಸ ಪ್ರಾರ್ಥನೆ ಇಟ್ಟರು. ಪಕ್ಕದ ಮನೆಯ ಕ್ಯಾಥೊಲಿಕ್ ಅಕ್ಕ ನಮಗಾಗಿ ನೊವೆನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಮಾಡಿದರು. ಆದರೂ ಅವರು ತೀರಿಕೊಂಡರು. ಮಣ್ಣಾದ ಮೂರನೇ ದಿನ ಮನೆಗೆ ಬಂದ ಒಬ್ಬ ಬೋಧಕರು, "ನಿಮ್ಮ ನಂಬಿಕೆಯಲ್ಲಿ ಎಲ್ಲೋ ಕೊರತೆ ಇತ್ತು" ಅಂದರು. ಅವತ್ತಿನಿಂದ ನನಗೆ ಪ್ರಾರ್ಥನೆ ಬಾಯಿಗೇ ಬರುತ್ತಿಲ್ಲ. ನಮ್ಮ ಒಂಬತ್ತು ವರ್ಷದ ಮಗಳು ರಾತ್ರಿ ಮಲಗುವಾಗ, "ಅಮ್ಮಾ, ಪ್ರಾರ್ಥನೆ ಮಾಡೋಣ್ವಾ? ಪಪ್ಪನಿಗೋಸ್ಕರ ಮಾಡಿದ್ದನ್ನ ದೇವರು ಯಾಕೆ ಕೇಳಲಿಲ್ಲ?" ಅನ್ನುತ್ತಾಳೆ. ನಿದ್ದೆ ಬರ್ತಿದೆ, ಮಲಗು ಅನ್ನುತ್ತೇನೆ. ಪ್ರಾರ್ಥನೆಗೆ ನಿಜವಾಗಿಯೂ ಶಕ್ತಿ ಇದೆಯಾ? ಇದ್ದರೆ ನಮಗೆ ಯಾಕೆ ಹೀಗಾಯಿತು?

ಉತ್ತರ: ತಂಗಿ, ಮೊದಲು ಆ ಬೋಧಕರ ಮಾತನ್ನು ನಿಮ್ಮ ಮನೆಯಿಂದ ಆಚೆ ಹಾಕೋಣ. ಉಳಿದದ್ದು ಆಮೇಲೆ.

ಇದನ್ನು ನಾನು ಆ ಬೋಧಕರಿಗಿಂತ ದೊಡ್ಡವನು ಅಂತ ಹೇಳುತ್ತಿಲ್ಲ. ಅದೇ ತಪ್ಪು ನಾನೂ ಮಾಡಿದ್ದೇನೆ. ಸಭಾಪಾಲಕನಾಗಿ ಸೇರಿದ ಎರಡನೇ ವರ್ಷ. ಒಂದು ಆಸ್ಪತ್ರೆಯ ಮಕ್ಕಳ ವಾರ್ಡು. ನಾಲ್ಕು ವರ್ಷದ ಹುಡುಗನಿಗೆ ಮೆದುಳು ಜ್ವರ. ಅವನ ತಂದೆಯ ಹೆಗಲ ಮೇಲೆ ಕೈ ಇಟ್ಟು, "ಗಟ್ಟಿಯಾಗಿ ನಂಬಿ, ಭಾನುವಾರಕ್ಕೆ ಮಗು ಮನೆಗೆ ಬರುತ್ತೆ" ಅಂದುಬಿಟ್ಟೆ. ಹಾಗೆ ಹೇಳು ಅಂತ ನನಗೆ ಯಾರು ಹೇಳಿದ್ದರು? ಯಾರೂ ಇಲ್ಲ. ಶನಿವಾರ ಬೆಳಿಗ್ಗೆ ಮಗು ಹೋಯಿತು. ಮಣ್ಣು ಮಾಡಿ ಬಂದ ಮೇಲೆ ಆ ತಂದೆಯೇ ನನ್ನ ಹತ್ತಿರ ಬಂದು, "ಅಯ್ಯನವರೇ, ಬೆಳಿಗ್ಗೆಯಿಂದ ನೀವು ಏನೂ ತಿಂದಿಲ್ಲ, ಟೀ ಆದರೂ ಕುಡೀರಿ" ಅಂದರು. ಆ ಟೀ ಗಂಟಲಲ್ಲಿ ಇಳಿಯಲಿಲ್ಲ. ಇವತ್ತಿಗೂ ಇಳಿದಿಲ್ಲ ಅನ್ನಿ.

ಈಗ ಸತ್ಯವೇದ ತೆಗೆಯಿರಿ. ಅಪೊಸ್ತಲರ ಕೃತ್ಯಗಳು, 12ನೇ ಅಧ್ಯಾಯ. ಪ್ರಾರ್ಥನೆಯ ಶಕ್ತಿ ಅಂತ ಬೋಧನೆ ಮಾಡುವಾಗ ನಾವೆಲ್ಲ ಈ ಅಧ್ಯಾಯವನ್ನು ಓದುತ್ತೇವೆ. ಆದರೆ ಮೂರನೇ ವಚನದಿಂದ ಶುರು ಮಾಡುತ್ತೇವೆ! ಮೊದಲ ಎರಡು ವಚನಗಳನ್ನು ಸುಮ್ನೆ ದಾಟಿಬಿಡುತ್ತೇವೆ. ಅಲ್ಲಿ ಏನಿದೆ? ಅರಸನಾದ ಹೆರೋದ ಅಗ್ರಿಪ್ಪ ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಅಷ್ಟೇ, ಒಂದೇ ಸಾಲು. ಯೇಸುಸ್ವಾಮಿಯ ಹನ್ನೆರಡು ಜನರಲ್ಲಿ ಒಬ್ಬ, ಅದರಲ್ಲೂ ತೀರಾ ಹತ್ತಿರದ ಮೂವರಲ್ಲಿ ಒಬ್ಬ, ಒಂದೇ ಸಾಲಿನಲ್ಲಿ ಹೋಗಿಬಿಟ್ಟ.

ಆಮೇಲೆ ಆ ಹನ್ನೆರಡು ಜನರಲ್ಲಿ ಇನ್ನೊಬ್ಬನಾದ ಪೇತ್ರನನ್ನು ಹಿಡಿದರು. ನಾಲ್ಕು ನಾಲ್ಕು ಜನರಂತೆ ಹದಿನಾರು ಸಿಪಾಯಿಗಳ ಕಾವಲು. ಎರಡು ಸರಪಳಿ, ಇಬ್ಬರು ಸಿಪಾಯಿಗಳ ನಡುವೆ ನಿದ್ದೆ. ಮಾರನೇ ದಿನ ಅವನನ್ನು ಜನರ ಮುಂದೆ ತರಬೇಕಿತ್ತು. ರಾತ್ರಿ ದೇವದೂತ ಬಂದು ತಟ್ಟಿ ಎಬ್ಬಿಸಿದ, ಸರಪಳಿ ಕಳಚಿ ಬಿತ್ತು, ಬಾಗಿಲು ತಾನಾಗಿ ತೆರೆಯಿತು. ಪೇತ್ರ ಸೀದಾ ಮಾರ್ಕನ ತಾಯಿ ಮರಿಯಳ ಮನೆಗೆ ಹೋದ. ಅಲ್ಲಿ ಬಹಳ ಜನ ಸೇರಿ ಪ್ರಾರ್ಥನೆ ಮಾಡುತ್ತಿದ್ದರು. ಬಾಗಿಲು ತಟ್ಟಿದ. ರೋದೆ ಅನ್ನುವ ಕೆಲಸದ ಹುಡುಗಿ ಬಂದಳು. ಧ್ವನಿ ಗುರುತು ಸಿಕ್ಕಿ, ಖುಷಿಯಲ್ಲಿ ಬಾಗಿಲು ತೆಗೆಯುವುದನ್ನೇ ಮರೆತು ಒಳಗೆ ಓಡಿದಳು. "ಪೇತ್ರ ಬಂದಿದ್ದಾನೆ!" ಪ್ರಾರ್ಥನೆ ಮಾಡುತ್ತಿದ್ದವರು ಏನಂದರು ಗೊತ್ತಾ? ನಿನಗೆ ಹುಚ್ಚು ಹಿಡಿದಿದೆ ಅಂದರು. ಅವಳು ಬಿಡಲಿಲ್ಲ. ಆಗ, ಅದು ಅವನ ದೂತನಿರಬೇಕು ಅಂದರು. ಪಾಪ ಪೇತ್ರ, ಸೆರೆಮನೆಯ ಕಬ್ಬಿಣದ ಬಾಗಿಲು ತಾನಾಗಿ ತೆರೆದಿತ್ತು, ಪ್ರಾರ್ಥನೆ ಕೂಟದ ಬಾಗಿಲು ತೆರೆಯುತ್ತಿಲ್ಲ. ತಟ್ಟುತ್ತಲೇ ನಿಂತಿದ್ದ.

ನನಗೆ ಈ ಜಾಗ ಓದಿದಾಗಲೆಲ್ಲ ನಗು ಬರುತ್ತದೆ. ಆದರೆ ನಿಮ್ಮ ವಿಷಯಕ್ಕೆ ಇದು ಬಹಳ ಮುಖ್ಯ. ಪೇತ್ರನಿಗಾಗಿ ಬೇಡುತ್ತಿದ್ದವರಿಗೆ ಅವನು ಬರುತ್ತಾನೆ ಅನ್ನುವ ನಂಬಿಕೆ ಇರಲಿಲ್ಲ. ಬಂದು ಬಾಗಿಲಲ್ಲಿ ನಿಂತರೂ ನಂಬಲಿಲ್ಲ. ಆದರೂ ಪೇತ್ರ ಬಿಡುಗಡೆಯಾಗಿ ಬಂದ. ಇನ್ನು ಯಾಕೋಬನಿಗಾಗಿ ಅವರು ಪ್ರಾರ್ಥಿಸಿದರು ಅಂತ ಅಲ್ಲಿ ಬರೆದಿಲ್ಲ. ಆದರೆ ಹಿಡಿದುಕೊಂಡು ಹೋದ ಯಾಕೋಬನಿಗಾಗಿ ಸಭೆ ಕೈಕಟ್ಟಿ ಕೂತಿತ್ತು ಅಂತ ನಾನು ನಂಬಲಾರೆ. ಅದೇ ಸಭೆ, ಅದೇ ಜನ, ಅದೇ ದೇವರು. ಒಬ್ಬ ಹೋದ, ಒಬ್ಬ ಉಳಿದ. ಯಾಕೆ? ಈ ಪುಸ್ತಕ ಬರೆದ ಲೂಕ ಒಂದು ಮಾತೂ ವಿವರಣೆ ಕೊಡುವುದಿಲ್ಲ. ಯಾಕೋಬನ ನಂಬಿಕೆ ಕಡಿಮೆ ಇತ್ತು, ಅವನ ತಾಯಿಯ ಪ್ರಾರ್ಥನೆ ಸಾಲಲಿಲ್ಲ ಅಂತ ಎಲ್ಲೂ ಹೇಳುವುದಿಲ್ಲ. ಲೂಕ ಹೇಳದ್ದನ್ನು ನಿಮ್ಮ ಮನೆಗೆ ಬಂದ ಬೋಧಕರು ಹೇಳಿದರು, ಅಷ್ಟೇ.

ಹಾಗಂತ ಆ ಬೋಧಕರ ಕೈಯಲ್ಲಿ ವಚನ ಇಲ್ಲ ಅಂತಲ್ಲ. ಮಾರ್ಕನ 11ನೇ ಅಧ್ಯಾಯ ತೋರಿಸುತ್ತಾರೆ. ನೀವು ಬೇಡಿದ್ದನ್ನೆಲ್ಲಾ ಹೊಂದಿದ್ದೇವೆಂದು ನಂಬಿರಿ, ಅದು ನಿಮಗೆ ಸಿಗುತ್ತದೆ ಅನ್ನುವ ಮಾತು. ಯೇಸುಸ್ವಾಮಿಯದೇ ಮಾತು. ಅದನ್ನು ನಾನು ಚಿಕ್ಕದು ಮಾಡುವುದಿಲ್ಲ. ಆದರೆ ಅದೇ ಪುಸ್ತಕದಲ್ಲಿ ಇನ್ನು ಮೂರು ಅಧ್ಯಾಯ ಮುಂದೆ ಬನ್ನಿ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ, ಅದೇ ಯೇಸುಸ್ವಾಮಿ ಗೆತ್ಸೇಮನೆ ಅನ್ನುವ ಜಾಗದಲ್ಲಿ ನೆಲಕ್ಕೆ ಬಿದ್ದಿದ್ದಾರೆ. ಗೆತ್ಸೇಮನೆ ಅಂದರೆ ಎಣ್ಣೆ ಗಾಣ. "ಅಬ್ಬಾ" ಅಂತ ಕರೆಯುತ್ತಾರೆ. ಮನೆಯಲ್ಲಿ ತಂದೆಯನ್ನು ಕರೆಯುವ ಅರಾಮಿಕ್ ಮಾತು ಅದು, ನಮ್ಮ "ಅಪ್ಪಾ"ಗೆ ಎಷ್ಟು ಹತ್ತಿರ ನೋಡಿ. ಅಪ್ಪಾ, ನಿನಗೆ ಎಲ್ಲವೂ ಸಾಧ್ಯ, ಈ ಪಾತ್ರೆಯನ್ನು, ಅಂದರೆ ಮುಂದಿರುವ ಈ ಸಂಕಟವನ್ನು, ನನ್ನಿಂದ ತೆಗೆ. ಒಂದು ಸಲ ಅಲ್ಲ, ಮೂರು ಸಲ. ಜೊತೆಗೆ ಬಂದ ಮೂವರೂ ನಿದ್ದೆ ಹೋಗಿದ್ದರು. ಆ ಮೂವರಲ್ಲಿ ಪೇತ್ರನೂ ಇದ್ದ, ಯಾಕೋಬನೂ ಇದ್ದ. ಬೆಳಗಾಗುವ ಹೊತ್ತಿಗೆ ಪಾತ್ರೆ ಹಾಗೇ ಇತ್ತು.

ಬೇಡಿದ್ದು ಸಿಗಲಿಲ್ಲ ಅಂದರೆ ನಂಬಿಕೆ ಕಡಿಮೆ ಅನ್ನುವ ಲೆಕ್ಕವನ್ನು ಗೆತ್ಸೇಮನೆಗೆ ತೆಗೆದುಕೊಂಡು ಹೋಗಿ ನೋಡಿ. ಅಲ್ಲಿ ಆ ಲೆಕ್ಕ ಯಾರ ತಲೆಗೆ ಬರುತ್ತದೆ? ಹೇಳಲು ನನಗೆ ಬಾಯಿ ಬರುವುದಿಲ್ಲ.

ಅಪೊಸ್ತಲ ಪೌಲನೂ ಅಷ್ಟೇ. ಎಷ್ಟೋ ಜನರನ್ನು ಗುಣಮಾಡಿದವನು. ತನ್ನ ದೇಹದಲ್ಲಿ ಚುಚ್ಚುತ್ತಿದ್ದ ಮುಳ್ಳನ್ನು ತೆಗೆ ಅಂತ ಮೂರು ಸಲ ಬೇಡಿದ, ನನ್ನ ಕೃಪೆ ಸಾಕು ಅನ್ನುವ ಉತ್ತರ ಬಂತು, ಮುಳ್ಳು ಹೋಗಲಿಲ್ಲ. ಅವನು ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ ಒಂದು ಸಾಲಿದೆ. ಬೋಧನೆಯಲ್ಲಿ ಯಾರೂ ಅದನ್ನು ಎತ್ತಿಕೊಳ್ಳುವುದಿಲ್ಲ: ಜೊತೆಗಾರ ತ್ರೊಫಿಮನಿಗೆ ಹುಷಾರಿಲ್ಲದ್ದರಿಂದ ಅವನನ್ನು ಮಿಲೇತದಲ್ಲಿ ಬಿಟ್ಟುಬಂದೆ. ಪೌಲ ಅವನಿಗಾಗಿ ಪ್ರಾರ್ಥಿಸಲಿಲ್ಲ ಅಂತೀರಾ? ಪೌಲನ ಜೊತೆಯಲ್ಲಿ ತಿರುಗುತ್ತಿದ್ದ ಲೂಕ ವೈದ್ಯ ಬೇರೆ. ತಿಮೊಥೆಯನ ಹೊಟ್ಟೆನೋವಿಗೆ ಪೌಲ ಹೇಳಿದ್ದು ಉಪವಾಸ ಕೂಟವನ್ನಲ್ಲ, ಸ್ವಲ್ಪ ದ್ರಾಕ್ಷಾರಸ ಕುಡಿ ಅಂತ ಮನೆಮದ್ದು. (ಇದನ್ನು ಓದಿ ನಮ್ಮ ಸಭೆಯ ಕೆಲವರು ಮುಗುಳ್ನಗುವುದು ನನಗೆ ಗೊತ್ತು.) ನೀವು ಚಿಕಿತ್ಸೆ ಕೊಡಿಸಿದಿರಲ್ಲ, ಅದನ್ನೂ ಅಪನಂಬಿಕೆ ಅಂತ ಯಾರಾದರೂ ಅಂದರೆ ಈ ಎರಡು ವಚನ ತೋರಿಸಿ.

ಹಾಗಾದರೆ ಶಕ್ತಿ ಎಲ್ಲಿದೆ? ನಿಮ್ಮ ಮೊದಲ ಪ್ರಶ್ನೆ ಅದೇ.

ನಿಮ್ಮ ಮಲೆನಾಡಿನ ಕಡೆ ಹಳ್ಳ ದಾಟಲು ಸಂಕ ಹಾಕಿರುತ್ತಾರಲ್ಲ, ಎರಡು ಅಡಿಕೆ ಮರ ಜೋಡಿಸಿ. ಊರಿನ ಹುಡುಗ ಅದರ ಮೇಲೆ ಓಡಿಕೊಂಡು ಹೋಗುತ್ತಾನೆ. ಪೇಟೆಯಿಂದ ಬಂದ ನೆಂಟರು ನಡುಗುತ್ತಾ, ಕೂತುಕೊಂಡೇ ಜರುಗುತ್ತಾ ಹೋಗುತ್ತಾರೆ. ಇಬ್ಬರನ್ನೂ ಹೊರುವುದು ಸಂಕ. ಧೈರ್ಯ ಇದ್ದವನನ್ನು ಜಾಸ್ತಿ ಹೊರುವುದಿಲ್ಲ, ಹೆದರಿದವರನ್ನು ಬೀಳಿಸುವುದಿಲ್ಲ. ಪ್ರಾರ್ಥನೆಯಲ್ಲಿ ನಮ್ಮ ನಂಬಿಕೆ ಆ ನಡಿಗೆಯಷ್ಟೇ. ಶಕ್ತಿ ನಮ್ಮನ್ನು ಹೊತ್ತವರದು. "ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು" ಅಂತ ಒಬ್ಬ ತಂದೆ ಯೇಸುಸ್ವಾಮಿಯ ಮುಂದೆ ಅತ್ತದ್ದು ಮಾರ್ಕನ 9ನೇ ಅಧ್ಯಾಯದಲ್ಲಿದೆ. ಅರ್ಧ ನಂಬಿಕೆ, ಅರ್ಧ ಅನುಮಾನ. ನೀನು ಇನ್ನೂ ಗಟ್ಟಿಯಾಗಿ ನಂಬಿ ಬಾ ಅಂತ ಅವನನ್ನು ವಾಪಸ್ ಕಳಿಸಲಿಲ್ಲ.

ನೀವು ಈಗ ಕೇಳಬಹುದು, ಸಂಕ ನಮ್ಮ ಪಾಲಿಗೆ ಮುರಿಯಿತಲ್ಲ ಅಯ್ಯನವರೇ ಅಂತ. ಕೇಳಬೇಕಾದ್ದೇ. ಕ್ರೈಸ್ತರಾದ ನಾವು ಇದಕ್ಕೆ ಕೊಡುವ ಉತ್ತರ ಒಂದೇ, ಅದು ಸುಲಭದ್ದಲ್ಲ. ಆ ದಡ ಅಂದರೆ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಬರುವುದು ಅಂತ ನಾವು ಅಂದುಕೊಂಡಿರುತ್ತೇವೆ. ಯೇಸುಸ್ವಾಮಿ ಕರೆದಾಗ ಸತ್ತಿದ್ದ ಲಾಜರ ಸಮಾಧಿಯಿಂದ ಎದ್ದು ಬಂದ, ಆದರೂ ಮತ್ತೊಂದು ದಿನ ಅವನೂ ಸತ್ತಿರಬೇಕು. ಸೆರೆಮನೆಯಿಂದ ತಪ್ಪಿಸಿಕೊಂಡ ಪೇತ್ರ ಮುಂದೆ ರೋಮಿನಲ್ಲಿ ರಕ್ತಸಾಕ್ಷಿಯಾದ ಅಂತ ಸಭೆ ಮೊದಲಿನಿಂದ ಹೇಳಿಕೊಂಡು ಬಂದಿದೆ. ಗುಣವಾಗುವುದು ದೊಡ್ಡ ಕೊಡುಗೆ. ಆದರೆ ಅದು ದಾರಿಯಲ್ಲಿ ಸಿಗುವ ಕೊಡುಗೆ. ದಡ ಅಂದರೆ ಪುನರುತ್ಥಾನ. ಗೆತ್ಸೇಮನೆಯ ಪ್ರಾರ್ಥನೆಗೆ ತಂದೆ ಉತ್ತರ ಕೊಟ್ಟದ್ದು ಅಲ್ಲಿ, ಶಿಲುಬೆಯ ಶುಕ್ರವಾರ ಕಳೆದು, ಯೇಸುಸ್ವಾಮಿ ಎದ್ದು ಬಂದ ಭಾನುವಾರ ಬೆಳಿಗ್ಗೆ. ನಿಮ್ಮ ಯಜಮಾನರ ವಿಷಯದಲ್ಲಿ ನಾವು ಇನ್ನೂ ಶನಿವಾರದಲ್ಲಿದ್ದೇವೆ. ಇದು ನನ್ನ ನಂಬಿಕೆ. ಇವತ್ತು ನಿಮಗೆ ಇದು ಸಮಾಧಾನ ಕೊಡದೇ ಇರಬಹುದು. ಪರವಾಗಿಲ್ಲ.

ಓದಿಕೊಂಡ ಕೆಲವರು ನಿಮಗೆ ಇನ್ನೊಂದು ವಿಷಯ ಹೇಳಬಹುದು. ಅಮೆರಿಕದಲ್ಲಿ ಪ್ರಾರ್ಥನೆಯನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಹರ್ಬರ್ಟ್ ಬೆನ್ಸನ್ ಅನ್ನುವ ಡಾಕ್ಟರ ತಂಡ, ಆರು ಆಸ್ಪತ್ರೆಗಳು, ಹೃದಯದ ಬೈಪಾಸ್ ಆದ 1802 ರೋಗಿಗಳು. ಫಲಿತಾಂಶ 2006ರಲ್ಲಿ ಬಂತು. ಯಾರಿಗಾಗಿ ಪ್ರಾರ್ಥನೆ ಆಗುತ್ತಿದೆ ಅಂತ ತಿಳಿಯದ ಎರಡು ಗುಂಪುಗಳಲ್ಲಿ, ಪ್ರಾರ್ಥನೆ ಆದವರಲ್ಲಿ ಶೇ 52ರಷ್ಟು ಜನರಿಗೆ ತೊಡಕಾಯಿತು, ಆಗದವರಲ್ಲಿ ಶೇ 51ರಷ್ಟು. ವ್ಯತ್ಯಾಸವೇ ಇಲ್ಲ ಅನ್ನಿ. ನಿಮಗಾಗಿ ಪ್ರಾರ್ಥಿಸುತ್ತಿದ್ದೇವೆ ಅಂತ ಹೇಳಿಸಿಕೊಂಡ ಮೂರನೇ ಗುಂಪಿನಲ್ಲಿ ಶೇ 59ಕ್ಕೆ ಏರಿತು! ನಮ್ಮ ಸಭೆಯ ಒಬ್ಬ ಹುಡುಗ ಇದನ್ನು ಮೊಬೈಲಿನಲ್ಲಿ ತೋರಿಸಿದಾಗ ನನಗೆ ಹೆದರಿಕೆ ಆಗಲಿಲ್ಲ, ನಗು ಬಂತು. ಅಲ್ಲಿ ಪ್ರಾರ್ಥಿಸಿದವರಿಗೆ ರೋಗಿಯ ಮೊದಲ ಹೆಸರು, ಮನೆತನದ ಹೆಸರಿನ ಒಂದು ಅಕ್ಷರ, ಇಷ್ಟೇ ಕೊಟ್ಟಿದ್ದರು. ಹೇಳಬೇಕಾದ ವಾಕ್ಯವನ್ನೂ ಬರೆದು ಕೊಟ್ಟಿದ್ದರು. ಮಾತ್ರೆಯ ಡೋಸ್ ಹಾಗೆ. ಪ್ರಾರ್ಥನೆ ಮಾತ್ರೆಯಾಗಿದ್ದರೆ ಆ ಪರೀಕ್ಷೆಯಲ್ಲಿ ಫೇಲ್ ಆಗಿದೆ, ಒಪ್ಪಿಕೊಳ್ಳಬೇಕು. ಇಷ್ಟು ಜನ, ಇಷ್ಟು ದಿನ, ಇಷ್ಟು ಉಪವಾಸ ಅಂತ ಲೆಕ್ಕ ಹಾಕುವ ನಮ್ಮವರೂ ಅದನ್ನು ಮಾತ್ರೆ ಅಂತಲೇ ನಂಬಿದ್ದಾರೆ ಅಂತ ನನ್ನ ಅನುಮಾನ. ತುಂಬಾ ಮಾತಾಡಿದರೆ ದೇವರು ಕೇಳುತ್ತಾರೆ ಅಂದುಕೊಳ್ಳಬೇಡಿ ಅಂತ ಯೇಸುಸ್ವಾಮಿ ಮೊದಲೇ ಹೇಳಿದ್ದಾರೆ, ಮತ್ತಾಯನ 6ನೇ ಅಧ್ಯಾಯದಲ್ಲಿ.

ಅಂದಹಾಗೆ ನಿಮ್ಮ ಪಕ್ಕದ ಮನೆಯ ಅಕ್ಕನ ನೊವೆನಾವನ್ನು ಇದಕ್ಕೆ ಸೇರಿಸಬೇಡಿ. ಒಂಬತ್ತು ದಿನ ಅನ್ನುವುದು ಲೆಕ್ಕದ ಮಂತ್ರ ಅಲ್ಲ. ಯೇಸುಸ್ವಾಮಿ ಪರಲೋಕಕ್ಕೆ ಏರಿದ ಮೇಲೆ ಪವಿತ್ರಾತ್ಮ ಇಳಿದು ಬರುವ ತನಕ ಶಿಷ್ಯರು, ತಾಯಿ ಮರಿಯಳು ಒಟ್ಟಿಗೆ ಕಾದುಕೊಂಡು ಪ್ರಾರ್ಥಿಸಿದ ದಿನಗಳ ನೆನಪು ಅದು. ಬೆಂಗಳೂರಿನ ಶಿವಾಜಿನಗರದಲ್ಲಿ ಸೆಪ್ಟೆಂಬರ್ 8ರ ಮಾತೆ ಮರಿಯಳ ಹಬ್ಬಕ್ಕೆ ಮುಂಚೆ ಸೇರುವ ಜನರನ್ನು ನೋಡಿದ್ದೀರಲ್ಲ. ಬೇರೆ ಸಭೆಯವಳಾದರೂ ಆ ಅಕ್ಕ ಒಂಬತ್ತು ದಿನ ನಿಮ್ಮ ಮನೆಯ ಕಷ್ಟವನ್ನು ಹೊತ್ತುಕೊಂಡಳು. ಅದು ದೊಡ್ಡದು.

ಭಾನುವಾರ ಶಾಲೆಯಲ್ಲಿ ಮಕ್ಕಳಿಗೆ ನಾವು ಇನ್ನೊಂದು ಪಾಠ ಹೇಳುತ್ತೇವೆ: ದೇವರ ಉತ್ತರ ಮೂರು ಥರ, ಹೌದು, ಇಲ್ಲ, ಸ್ವಲ್ಪ ತಡಿ. ಸುಳ್ಳಲ್ಲ. ಆದರೆ ಟ್ರಾಫಿಕ್ ಸಿಗ್ನಲ್ ಥರ ಆಯಿತು. ನಿಜವಾದ ಪ್ರಾರ್ಥನೆಯಲ್ಲಿ ಯಾವುದು ಹೌದು, ಯಾವುದು ಇಲ್ಲ ಅಂತ ಎಷ್ಟೋ ವರ್ಷ ಗೊತ್ತೇ ಆಗುವುದಿಲ್ಲ. ಮೋನಿಕಾ ಅನ್ನುವ ತಾಯಿಯ ಕಥೆ ಕೇಳಿ. ಆಫ್ರಿಕಾದ ಉತ್ತರ ತೀರದವಳು. ದಾರಿ ತಪ್ಪಿದ ಮಗ ಅಗಸ್ಟಿನ್‌ಗಾಗಿ (ಮುಂದೆ ದೊಡ್ಡ ಸಂತನಾದವನು) ವರ್ಷಗಟ್ಟಲೆ ಅತ್ತಳು. 383ರಲ್ಲಿ ಅವನು ಕಾರ್ಥೇಜಿನಿಂದ ರೋಮಿಗೆ ಹಡಗು ಹತ್ತಲು ಹೊರಟ. ರೋಮಿಗೆ ಹೋದರೆ ಇನ್ನೂ ಕೆಡುತ್ತಾನೆ ಅಂತ ತಾಯಿಗೆ ಭಯ. ಗೆಳೆಯನನ್ನು ಕಳಿಸಿಕೊಟ್ಟು ಬರುತ್ತೇನೆ ಅಂತ ಅವಳಿಗೆ ಸುಳ್ಳು ಹೇಳಿದ. ಅವಳು ಬಂದರಿನ ಹತ್ತಿರದ ಒಂದು ಗುಡಿಯಲ್ಲಿ, ಸಂತ ಸಿಪ್ರಿಯಾನರ ನೆನಪಿನ ಗುಡಿ, ಮಗ ಹೋಗದಿರಲಿ ಅಂತ ರಾತ್ರಿಯೆಲ್ಲ ಪ್ರಾರ್ಥಿಸಿದಳು. ಬೆಳಿಗ್ಗೆ ನೋಡಿದರೆ ಹಡಗು ಇಲ್ಲ. ಆ ಪ್ರಾರ್ಥನೆಗೆ ಉತ್ತರ "ಇಲ್ಲ" ಅಂತಲೇ. ಆದರೆ ರೋಮಿನಿಂದ ಅವನು ಮಿಲಾನ್‌ಗೆ ಹೋದ, ಅಲ್ಲಿ ಬಿಷಪ್ ಆಂಬ್ರೋಸರ ಬೋಧನೆ ಕೇಳಿದ, 387ರ ಈಸ್ಟರಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡ. ಅವಳು ಅದನ್ನು ಕಣ್ಣಾರೆ ಕಂಡಳು, ಅದೇ ವರ್ಷ ತೀರಿಕೊಂಡಳು. ಆ ರಾತ್ರಿ ಅವಳು ಕೇಳಿದ್ದನ್ನು ಕೊಡದೆ, ಯಾವಾಗಲೂ ಕೇಳುತ್ತಿದ್ದುದನ್ನು ದೇವರು ಕೊಟ್ಟರು ಅಂತ ಅಗಸ್ಟಿನ್ ಆಮೇಲೆ ಬರೆದ.

ಆದರೆ ತಂಗಿ, ಈ ಕಥೆಯನ್ನು ನಿಮ್ಮ ಮೇಲೆ ಹೊದಿಸುವುದಿಲ್ಲ. ಅದು ಅಗಸ್ಟಿನ್ ಹತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, ತಾನೇ ಹಿಂದೆ ತಿರುಗಿ ನೋಡಿ ಹೇಳಿದ ಮಾತು. ನಿಮ್ಮ ಯಜಮಾನರ ಸಾವಿನ ಹಿಂದೆ ಇಂಥದ್ದೊಂದು ಒಳ್ಳೆಯದು ಇದೆ ಅಂತ ಹೇಳುವ ಹಕ್ಕು ನನಗಿಲ್ಲ, ಯಾರಿಗೂ ಇಲ್ಲ. ಎಂದಾದರೂ ಹೇಳುವುದಿದ್ದರೆ ನೀವೇ ಹೇಳಬೇಕು. ಹೇಳದೇ ಇದ್ದರೂ ನಡೆಯುತ್ತದೆ.

ಈಗ ಏನು ಮಾಡುವುದು ಅನ್ನುವುದಕ್ಕೆ ಬರೋಣ. ಪ್ರಾರ್ಥನೆ ಬಾಯಿಗೇ ಬರುತ್ತಿಲ್ಲ ಅಂದಿರಿ. ಕೀರ್ತನೆಗಳ ಪುಸ್ತಕ ತೆಗೆಯಿರಿ. 13ನೇ ಕೀರ್ತನೆ. ಮೊದಲ ಎರಡು ವಚನಗಳಲ್ಲಿ ನಾಲ್ಕು ಸಲ "ಎಷ್ಟರವರೆಗೆ?" ಅಂತ ಇದೆ. ದೇವರೇ, ನನ್ನನ್ನು ಮರೆತೇಬಿಟ್ಟೆಯಾ, ಮುಖ ಮರೆಸಿಕೊಳ್ಳುತ್ತೀಯಾ ಅಂತ ಜಗಳ. ಅದೂ ಜಾಸ್ತಿ ಸಂತೋಷದ್ದು ಅನ್ನಿಸಿದರೆ 88ನೇ ಕೀರ್ತನೆ ಓದಿ. ಕೊನೆಯ ತನಕ ಸಮಾಧಾನವೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಸ್ತೋತ್ರ ಇಲ್ಲ, ಹಲ್ಲೆಲೂಯ ಇಲ್ಲ. ಅಂಥದ್ದನ್ನೂ ಸತ್ಯವೇದದೊಳಗೆ ಇಟ್ಟಿದ್ದಾರೆ ಅಂದರೆ, ಅಂಥ ಪ್ರಾರ್ಥನೆಯನ್ನೂ ದೇವರು ತೆಗೆದುಕೊಳ್ಳುತ್ತಾರೆ ಅಂತಲೇ ಅಲ್ವಾ? ಸಿಟ್ಟು ಇದ್ದರೆ ಸಿಟ್ಟಿನಲ್ಲೇ ಓದಿ. ಗಟ್ಟಿಯಾಗಿ ಓದಿ. ಶಿಲುಬೆಯ ಮೇಲೆ ಯೇಸುಸ್ವಾಮಿಗೂ ಸ್ವಂತ ಮಾತು ಸಿಗಲಿಲ್ಲವೋ ಏನೋ, 22ನೇ ಕೀರ್ತನೆಯ ಮೊದಲ ಸಾಲನ್ನೇ ಕೂಗಿದರು.

ಅದೂ ಆಗದಿದ್ದರೆ ಸುಮ್ನೆ ಕೂತುಕೊಳ್ಳಿ. ನಿಮ್ಮ ಪಾಲಿನ ಪ್ರಾರ್ಥನೆಯನ್ನು ಸ್ವಲ್ಪ ದಿನ ಬೇರೆಯವರು ಮಾಡಲಿ. ಪಾರ್ಶ್ವವಾಯು ಬಡಿದವನನ್ನು ನಾಲ್ಕು ಜನ ಹೊತ್ತು ತಂದು, ಮಾಳಿಗೆ ಒಡೆದು ಇಳಿಸಿದರಲ್ಲ, ಆಗ ಯೇಸುಸ್ವಾಮಿ ನೋಡಿದ್ದು "ಅವರ" ನಂಬಿಕೆಯನ್ನು ಅಂತ ಮಾರ್ಕ ಬರೆಯುತ್ತಾನೆ. ಮಲಗಿದ್ದವನಿಗೆ ನಂಬಿಕೆ ಎಷ್ಟಿತ್ತು ಅಂತ ಕೇಳಲೂ ಇಲ್ಲ. ಈಗ ಮಂಚದ ಮೇಲೆ ಇರುವವರು ನೀವು.

ಇನ್ನೊಂದು, ಸ್ವಲ್ಪ ಒರಟಾಗಿ ಹೇಳುತ್ತೇನೆ. ಶುಕ್ರವಾರದ ಕೂಟಕ್ಕೆ ಬಂದವರನ್ನು ಈಗ ಕೆಲಸಕ್ಕೆ ಕರೆಯಿರಿ. ಬಟ್ಟೆ ಇಲ್ಲದವರಿಗೆ, ಊಟ ಇಲ್ಲದವರಿಗೆ "ಸಮಾಧಾನದಿಂದ ಹೋಗು, ಬೆಚ್ಚಗಿರು, ಹೊಟ್ಟೆ ತುಂಬಿಸಿಕೋ" ಅಂತ ಬಾಯಿಮಾತು ಹೇಳಿದರೆ ಏನು ಪ್ರಯೋಜನ ಅಂತ ಯಾಕೋಬನ ಪತ್ರ (ಇವನು ಬೇರೆ ಯಾಕೋಬ) ಕೇಳುತ್ತದೆ. ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದಲ್ಲಿ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲ ಅಂತ ಗುಣುಗುಟ್ಟುವುದು ಶುರುವಾಯಿತು. ನಾವು ಪ್ರಾರ್ಥನೆ ಮಾಡುತ್ತೇವೆ ಬಿಡಿ ಅಂತ ಅಪೊಸ್ತಲರು ತಳ್ಳಿಹಾಕಲಿಲ್ಲ. ಏಳು ಜನರನ್ನು ಆರಿಸಿ ಅಂತ ಸಭೆಗೆ ಹೇಳಿ, ಅವರನ್ನು ಆ ಕೆಲಸಕ್ಕೇ ನೇಮಿಸಿದರು. ವಿಧವಾ ವೇತನಕ್ಕೆ ಅರ್ಜಿ ಹಾಕಲು ನಾಡಕಚೇರಿಗೆ ಜೊತೆಗೆ ಬರಲು ಸಭೆಯ ಒಬ್ಬ ಹುಡುಗನನ್ನು ಕೇಳಿ. ಮಗಳ ಶಾಲೆಯ ಫೀಸಿನ ವಿಷಯ ಸಭೆಯ ಹಿರಿಯರ ಕಿವಿಗೆ ಹಾಕಿ. ಸಂಕೋಚ ಬೇಡ. ಅವರು ಎಂಟು ತಿಂಗಳು ಮಾಡಿದ ಪ್ರಾರ್ಥನೆ ಇನ್ನೂ ಮುಗಿದಿಲ್ಲ, ಈಗ ಅದಕ್ಕೆ ಕೈಕಾಲು ಬರಬೇಕು. ಮತ್ತೆ ಯಾರಾದರೂ ವಿಶೇಷ ಪ್ರಾರ್ಥನೆಗೆ ಅಂತ ದುಡ್ಡು ಕೇಳಿದರೆ ಬಾಗಿಲು ಹಾಕಿಕೊಳ್ಳಿ.

ಇನ್ನು ಮಗಳ ಪ್ರಶ್ನೆ. ದೇವರಿಗೆ ಪಪ್ಪ ಬೇಕಾಗಿದ್ದರು, ಅದಕ್ಕೇ ಕರೆದುಕೊಂಡರು ಅಂತ ಮಾತ್ರ ಹೇಳಬೇಡಿ. ಮಕ್ಕಳು ಆ ಮಾತು ಕೇಳಿ ರಾತ್ರಿ ಎಚ್ಚರವಾಗಿ ಮಲಗಿದ್ದನ್ನು ನಾನು ನೋಡಿದ್ದೇನೆ. ನಾಳೆ ದೇವರಿಗೆ ಅಮ್ಮನೂ ಬೇಕಾದರೆ? ಯಾಕೆ ಹೀಗಾಯಿತು ಅಂತ ನನಗೂ ಗೊತ್ತಿಲ್ಲ ಪುಟ್ಟಾ ಅನ್ನಿ. ನಾನೂ ದೇವರನ್ನು ಅದನ್ನೇ ಕೇಳುತ್ತಿದ್ದೇನೆ ಅನ್ನಿ. ಅಮ್ಮನಿಗೂ ಗೊತ್ತಿಲ್ಲ ಅನ್ನುವುದನ್ನು ಒಂಬತ್ತು ವರ್ಷದವರು ತಡೆದುಕೊಳ್ಳುತ್ತಾರೆ.

ಇವತ್ತು ರಾತ್ರಿ ಅವಳು ಮತ್ತೆ ಕೇಳುತ್ತಾಳೆ, ಪ್ರಾರ್ಥನೆ ಮಾಡೋಣ್ವಾ ಅಂತ. ನೀನು ಮಾಡು, ನಾನು ಕೇಳಿಸಿಕೊಳ್ತೀನಿ ಅನ್ನಿ. ಪಪ್ಪನ ಹೆಸರು ಬಂದರೆ ಬರಲಿ, ಶಾಲೆಯ ಗೆಳತಿಯ ವಿಷಯ ಬಂದರೆ ಬರಲಿ, ಮಧ್ಯದಲ್ಲಿ ನಿದ್ದೆ ಬಂದರೆ ಅದೂ ಸರಿ. ಕೊನೆಗೆ ನಿಮಗೆ ಆಮೆನ್ ಅನ್ನಲು ಆದರೆ ಅನ್ನಿ. ಆಗದಿದ್ದರೆ ಅವಳ ಕೈ ಹಿಡಿದುಕೊಂಡು ಲೈಟ್ ಆರಿಸಿ. ಆಮೆನ್ ಅವಳೇ ಹೇಳುತ್ತಾಳೆ.